ನನ್ನ ಮಿಷಿನ್ ಮೇಲೆ ನೆಗೆಣ್ಣಿ ಕೂತ ದಿನಗಳು

ಗರ್ಭಕೋಶದ ಆಪರೇಷನ್ ಮಾಡಿಸಿಕೊಂಡು ಬಂದ ಹೆಂಗಸರಿಗೆ ಆಮೇಲೆ ಏನಾದರೂ ತೊಂದರೆಯಾದರೆ ನಮ್ಮ ಓಣಿಯವರು ಈಗ ಅವರನ್ನು ನನ್ನ ಹತ್ತಿರ ಕಳಿಸುತ್ತಾರೆ. ನಾನು ಡಾಕ್ಟರಲ್ಲ, ನರ್ಸಲ್ಲ. ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟು ಹೊಲಿಯುವ ರತ್ನ. ಬಂದವರು ಬಾಗಿಲಲ್ಲಿ ನಿಂತು ಸೆರಗಿನ ತುದಿ ಹಿಂಡುತ್ತಾರೆ. ನಾನು ಒಳಗೆ ಕರೆದು ಚಾ ಕೊಟ್ಟು, ಸೋರುತ್ತಿದೆಯಾ ಎಂದು ನಾನೇ ಕೇಳಿಬಿಡುತ್ತೇನೆ. ಅವರು ಅಳುತ್ತಾರೆ. ಅತ್ತು ಮುಗಿದ ಮೇಲೆ ನನ್ನ ಕಥೆ ಹೇಳುತ್ತೇನೆ. ಬೆನ್ನಿಗೆ ನಳಿಕೆ ಹಾಕಿಸಿಕೊಂಡು ಹೇಗಿದ್ದೆ, ಬೆಂಗಳೂರಿನಲ್ಲಿ ರೋಬೊ ಆಪರೇಷನ್ ಹೇಗಾಯಿತು, ಈಗ ಒಣಗಿದ ಸೀರೆ ಉಟ್ಟು ಹೇಗೆ ನೆಟ್ಟಗೆ ಕೂತಿದ್ದೇನೆ, ಎಲ್ಲವನ್ನೂ. ಒಂದನ್ನು ಮಾತ್ರ ಯಾರಿಗೂ ಹೇಳಿಲ್ಲ. ಆ ತಿಂಗಳುಗಳಲ್ಲಿ ನೋವಿಗಿಂತ ಹೆಚ್ಚಾಗಿ ನನ್ನನ್ನು ಸುಟ್ಟಿದ್ದು ಹೊಟ್ಟೆಕಿಚ್ಚು. ಕಾಯಿಲೆ ಬಿದ್ದವರಿಗೆ ಇದೂ ಬರುತ್ತದೆ ಎಂದು ಯಾವ ಡಾಕ್ಟರೂ ಹೇಳುವುದಿಲ್ಲ. ಬರುತ್ತದೆ ತಾಯಿ, ಚೆನ್ನಾಗಿಯೇ ಬರುತ್ತದೆ. ಅದಕ್ಕೇ ಬರೆಯಲು ಕೂತೆ.

ನಮ್ಮ ಮನೆಯೇ ನಮ್ಮ ಕಾರ್ಖಾನೆ. ಮುಂದಿನ ಪಡಸಾಲೆಯಲ್ಲಿ ಮಿಷಿನ್‌ಗಳು, ಹಿಂದೆ ಅಡುಗೆಮನೆ, ನಡುವೆ ಮಲಗುವ ಕೋಣೆ. ಗಂಡ ತಿಪ್ಪೇಸ್ವಾಮಿ ಬಟ್ಟೆ ಕತ್ತರಿಸುತ್ತಾರೆ. ಮೈದುನ ವೀರೇಶ ತಯಾರಾದ ಬಂಡಲುಗಳನ್ನು ಬಳ್ಳಾರಿಗೆ ಮುಟ್ಟಿಸುತ್ತಾನೆ. ಒಂದು ಪ್ಯಾಂಟನ್ನು ಒಬ್ಬರೇ ಪೂರ್ತಿ ಹೊಲಿಯುವ ಪದ್ಧತಿ ನಮ್ಮಲ್ಲಿಲ್ಲ. ಕೂಲಿಗೆ ಬರುವವರಲ್ಲಿ ಒಬ್ಬರು ಜೇಬು, ಒಬ್ಬರು ಜಿಪ್ಪು, ಇನ್ನೊಬ್ಬರು ಕಾಲು ಜೋಡಿಸುವುದು. ಕೊನೆಗೆ ಬರುವುದು ಸೊಂಟದ ಪಟ್ಟಿ. ನಾವು ಅದನ್ನು ಬೆಲ್ಟು ಎನ್ನುತ್ತೇವೆ. ಅಲ್ಲಿಯವರೆಗೆ ಎಲ್ಲರೂ ಮಾಡಿದ ಕೆಲಸ ಬೆಲ್ಟು ಸುಕ್ಕಾದರೆ ನೀರಿಗೆ ಹೋದ ಹಾಗೆ. ಆ ಬೆಲ್ಟ್ ಮಿಷಿನ್ ನಾನು ಈ ಮನೆಗೆ ಸೊಸೆಯಾಗಿ ಬಂದ ಹೊಸದರಿಂದಲೂ ನನ್ನದು. ನಾನು ಓದಿದವಳಲ್ಲ, ತವರಿನಿಂದ ಏನನ್ನೂ ಹೊತ್ತು ತಂದವಳಲ್ಲ. ಆದರೆ ಆ ಸ್ಟೂಲಿನ ಮೇಲೆ ಕೂತಾಗ ಅತ್ತೆ ಕೂಡ ಚಾ ತಂದು ಪಕ್ಕದಲ್ಲಿಟ್ಟು ಹೋಗುತ್ತಿದ್ದರು. ಅಲ್ಲಿಂದ ಎದ್ದರೆ ನಾನು ಈ ಮನೆಯಲ್ಲಿ ಮೂರನೇ ರೊಟ್ಟಿ ಹಾಕಿಕೊಳ್ಳಲೋ ಬೇಡವೋ ಎಂದು ಯೋಚಿಸುವ ಸೊಸೆ.

ನನ್ನ ನೆಗೆಣ್ಣಿ, ಅಂದರೆ ವೀರೇಶನ ಹೆಂಡತಿ ಮಂಜುಳ, ಮಡಕಶಿರದ ಕಡೆಯವಳು. ರೊಳ್ಳದ ಹತ್ತಿರದ ಹಳ್ಳಿ. ತವರಿನಲ್ಲಿ ಹಿಪ್ಪುನೇರಳೆ ತೋಟ, ರೇಷ್ಮೆಹುಳ ಸಾಕಣೆ. ಬಂದ ಹೊಸದರಲ್ಲಿ ಮಿಷಿನ್‌ಗೆ ದಾರ ಪೋಣಿಸಲೂ ಬರುತ್ತಿರಲಿಲ್ಲ. ‘ಬತ್ತೀನಿ, ಹೋತೀನಿ’ ಎನ್ನುವ ಅವಳ ಮಾತು ಕೇಳಿ ನಾವು ನಗುತ್ತಿದ್ದೆವು, ನಮ್ಮ ‘ಬರ್ರಿ, ಹೋಗ್ರಿ’ ಕೇಳಿ ಅವಳು ನಗುತ್ತಿದ್ದಳು. ಹೊಲಿದ ಪ್ಯಾಂಟಿನ ದಾರದ ತುದಿ ಕತ್ತರಿಸುವುದು, ಗುಂಡಿ ಹಾಕುವುದು ಅವಳ ಪಾಲಿನ ಕೆಲಸ. ಆಗ ಅವಳ ಮೇಲೆ ನನಗೆ ಪ್ರೀತಿಯೇ ಇತ್ತು. ನೆಲದ ಮೇಲೆ ಕೂತವಳ ಮೇಲೆ ಸ್ಟೂಲಿನ ಮೇಲೆ ಕೂತವಳಿಗೆ ಪ್ರೀತಿ ಬರುವುದು ಕಷ್ಟವಲ್ಲ.

ನನಗೆ ವರ್ಷಾನುಗಟ್ಟಲೆ ಮುಟ್ಟಿನ ತೊಂದರೆ. ಕೊನೆಗೆ ಗರ್ಭಕೋಶ ತೆಗೆಸಿದರು. ಆಪರೇಷನ್ ಸಲೀಸಾಗಿ ಆಯಿತು, ಮನೆಗೆ ಬಂದೆ, ಗಂಜಿ ಕುಡಿದೆ, ಎಲ್ಲರೂ ಬಂದು ನೋಡಿ ಹೋದರು. ಸ್ವಲ್ಪ ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಎದ್ದು ನೋಡಿದರೆ ಹಾಸಿಗೆ ಒದ್ದೆ. ಬಚ್ಚಲಿಗೆ ಹೋದರೆ ಮೂತ್ರ ಎಂದಿನಂತೆ ಹೋಗುತ್ತಿದೆ, ಹೋಗಿ ಬಂದ ಮೇಲೂ ಹನಿ ನಿಲ್ಲುತ್ತಿಲ್ಲ. ಕೂತರೆ, ನಿಂತರೆ, ಕೆಮ್ಮಿದರೆ, ಸುಮ್ಮನಿದ್ದರೆ, ಯಾವಾಗಲೂ. ವಯಸ್ಸಿಗೆ ಬಂದ ಮಗಳಿರುವ ಮನೆಯಲ್ಲಿ ತಾಯಿ ಮೈಮೇಲೆ ಉಚ್ಚೆ ಹೊಯ್ದುಕೊಳ್ಳುತ್ತಾಳೆ ಎಂದು ಯಾರ ಮುಂದೆ ಹೇಳಲಿ?

ಬೇರೆ ಯಾರಾದರೂ ಆಗಿದ್ದರೆ ಆ ವಾರವೇ ಡಾಕ್ಟರ ಹತ್ತಿರ ಓಡುತ್ತಿದ್ದರು. ನಾನು ಹೊಲಿಗೆಯವಳು, ಓಡಲಿಲ್ಲ, ಹೊಲಿದೆ. ಜೇಬಿನ ಒಳಬಟ್ಟೆಯ ಚೂರುಗಳನ್ನು ಪದರ ಪದರವಾಗಿ ಇಟ್ಟು, ಬಂಡಲಿಗೆ ಸುತ್ತಿ ಬರುವ ಪ್ಲಾಸ್ಟಿಕ್ಕನ್ನು ಕೆಳಗೆ ಕೊಟ್ಟು, ಅಂಚಿಗೆ ಎರಡು ಸಾಲು ಹೊಲಿಗೆ ಹಾಕಿ ಪ್ಯಾಡು ಮಾಡಿಕೊಂಡೆ. ಎಂಥ ಅಚ್ಚುಕಟ್ಟು ಅಂತೀರಿ! ಒಂದು ಹನಿ ಆಚೆ ಬರುತ್ತಿರಲಿಲ್ಲ. ಸೋರುವುದನ್ನು ಗೆದ್ದೆ ಎಂದುಕೊಂಡೆ. ಜ್ವರ ಬಂದರೂ ಬೆನ್ನ ಒಂದು ಬದಿ ಹಿಡಿದುಕೊಂಡರೂ ಮಿಷಿನ್ ಮೇಲೆ ಬೇಗ ಕೂತದ್ದರಿಂದ ಎಂದು ನನಗೆ ನಾನೇ ಹೇಳಿಕೊಂಡೆ. ಒಳಗೆ ಕಿಡ್ನಿ ಊದಿಕೊಳ್ಳುತ್ತಿತ್ತು. ನಾನು ಹೊರಗಿನ ಹೊಲಿಗೆಯ ಅಂದ ನೋಡುತ್ತಿದ್ದೆ.

ಕಂಡುಹಿಡಿದವಳು ಮಂಜುಳ. ಹಿತ್ತಲಲ್ಲಿ ಸೀರೆಯ ಕೆಳಗೆ ಮುಚ್ಚಿ ಒಣಹಾಕಿದ್ದ ಪ್ಯಾಡು ಅವಳ ಕೈಗೆ ಸಿಕ್ಕಿತು. ನನ್ನನ್ನು ಏನೂ ಕೇಳಲಿಲ್ಲ. ನೇರವಾಗಿ ಹೋಗಿ ನನ್ನ ಗಂಡನ ಮುಂದೆ ಹೇಳಿಬಿಟ್ಟಳು. ಅವರು ಕತ್ತರಿ ಕೆಳಗಿಟ್ಟು ನನ್ನ ಮುಂದೆ ಬಂದು ನಿಂತರು. ಇಡೀ ಮನೆ ಮಂಜುಳಾಳನ್ನು ಹೊಗಳಿತು. ಅವಳಿಲ್ಲದಿದ್ದರೆ ನಾನು ಸತ್ತೇ ಹೋಗುತ್ತಿದ್ದೆ ಎಂದು ಅತ್ತೆ ಬಂದವರ ಮುಂದೆಲ್ಲ ಹೇಳಿದರು. ನಿಜವೇ. ನಿಜವಾದದ್ದಕ್ಕೇ ನನಗೆ ಇನ್ನಷ್ಟು ಉರಿಯಿತು.

ಬಳ್ಳಾರಿಯಲ್ಲಿ ಸ್ಕ್ಯಾನ್ ಆಯಿತು, ಅಲ್ಲಿಂದ ಬೆಂಗಳೂರಿಗೆ ಹೋಗಿ ಎಂದರು. ಕಿಡ್ನಿಯಿಂದ ಮೂತ್ರಕೋಶಕ್ಕೆ ಬರುವ ನಾಳ ಕೆಳತುದಿಯಲ್ಲಿ ಪೆಟ್ಟು ತಿಂದಿದೆ, ಗರ್ಭಕೋಶ ತೆಗೆಯುವಾಗ ಅದು ತೀರಾ ಪಕ್ಕದಲ್ಲೇ ಇರುವುದರಿಂದ ಅಪರೂಪಕ್ಕೆ ಹೀಗಾಗುತ್ತದೆ ಎಂದರು ಬೆಂಗಳೂರಿನ ಡಾಕ್ಟರು. ಕೆಳಗಿನಿಂದ ಒಂದು ಸಣ್ಣ ನಳಿಕೆ ತೂರಿಸಿ ನೋಡಿದರು, ಅದು ಮೇಲೇರಲಿಲ್ಲ. ಆಮೇಲೆ ಬೆನ್ನಿಗೆ ತೂತು ಮಾಡಿ ನೇರ ಕಿಡ್ನಿಗೇ ನಳಿಕೆ ಇಟ್ಟು, ಅದರ ತುದಿಗೆ ಒಂದು ಚೀಲ ಕಟ್ಟಿದರು. ಒಳಗಿನ ಊತ, ಕೀವು ಎಲ್ಲ ಇಳಿಯಲಿ, ಆಮೇಲೆ ನಾಳವನ್ನು ಸರಿಮಾಡುತ್ತೇವೆ, ಅಲ್ಲಿಯವರೆಗೆ ಬಗ್ಗಬೇಡ, ಭಾರ ಎತ್ತಬೇಡ, ಮಿಷಿನ್ ಮೇಲಂತೂ ಕೂರಲೇಬೇಡ ಎಂದು ಕಳಿಸಿದರು.

ಹಾಗೆ ನನ್ನ ಸ್ಟೂಲು ಖಾಲಿಯಾಯಿತು. ಹಬ್ಬದ ಮುಂದಿನ ಆರ್ಡರು ಬಾಕಿ ಇತ್ತು, ಬೆಲ್ಟಿಗೆ ಹೊರಗಿನ ಕೈ ಸಿಗಲಿಲ್ಲ. ಒಂದು ಬೆಳಿಗ್ಗೆ ಒಳಕೋಣೆಯಲ್ಲಿ ಮಲಗಿದ್ದಾಗ ನನ್ನ ಬೆಲ್ಟ್ ಮಿಷಿನ್ ಶುರುವಾದ ಸದ್ದು ಕೇಳಿತು. ನಾಲ್ಕು ಮಿಷಿನ್ ಒಟ್ಟಿಗೆ ಓಡುತ್ತಿದ್ದರೂ ನನ್ನದರ ಸದ್ದು ನನಗೆ ಬೇರೆಯಾಗಿ ಕೇಳುತ್ತದೆ. ಯಾರು ಕೂತರು ಎಂದು ಮಗಳು ಕಾವ್ಯಾಳನ್ನು ಕೇಳಿದೆ. ಮಂಜುಳ ಚಿಗಮ್ಮ ಎಂದಳು. ಎಷ್ಟು ಸಲೀಸಾಗಿ ಅಂದಳು ಹಾಳಾದವಳು!

ಅಂದಿನಿಂದ ನಾನು ಪಡಸಾಲೆಗೆ ಕಾಲಿಡಲಿಲ್ಲ. ಹಿತ್ತಲ ಬಾಗಿಲಿನಿಂದಲೇ ಓಡಾಟ. ಗಂಡ ಊಟಕ್ಕೆ ಒಳಗೆ ಬಂದಾಗ, ಯಾವ ದೊಡ್ಡ ಸಂಗತಿಯೂ ಅಲ್ಲ ಎನ್ನುವ ಹಾಗೆ ದನಿ ಮಾಡಿಕೊಂಡು, ಬೆಲ್ಟು ಹೇಗೆ ಬರುತ್ತಿದೆ ಎಂದು ಕೇಳುತ್ತಿದ್ದೆ.

"ಮಂಜುಳಾ ಚೊಲೋ ಹೊಲೀತಾಳ. ನೀ ಇನ್ನ ಆ ಚಿಂತಿ ಬಿಟ್ಟು ಆರಾಮ ಇರು" ಎನ್ನುತ್ತಿದ್ದರು.

ಆರಾಮವಂತೆ! ಕಲಿಯಲು ನನಗೆ ವರ್ಷಗಳೇ ಹಿಡಿದದ್ದು ಇವಳಿಗೆ ಇಷ್ಟು ಬೇಗ ಬಂದುಬಿಟ್ಟಿತೇ? ಮತ್ತೆ ಮರುದಿನ ಕೇಳುತ್ತಿದ್ದೆ, ಮತ್ತೆ ಅದೇ ಉತ್ತರ. ಹುಣ್ಣನ್ನು ಕೆರೆದುಕೊಳ್ಳುವ ಹಾಗೆ ಕೇಳಿ ಕೇಳಿ ಹೊಟ್ಟೆ ಉರಿಸಿಕೊಂಡೆ. ಮಂಜುಳ ಮಧ್ಯಾಹ್ನ ಬಂದು ನನ್ನ ಚೀಲ ಖಾಲಿ ಮಾಡುವಳು, ನಳಿಕೆಯ ಸುತ್ತಿನ ಬ್ಯಾಂಡೇಜು ನೋಡುವಳು, ಮುದ್ದೆ ಸಾರು ತಂದಿಡುವಳು. ಅವಳ ಸೀರೆಗೆ ಅಂಟಿದ ನೀಲಿ ದಾರದ ಚೂರುಗಳನ್ನು ನಾನು ನೋಡುತ್ತಿದ್ದೆ. ಅವು ನನ್ನ ಮೈಮೇಲೆ ಇರಬೇಕಾದವು. ಕಾವ್ಯ ಮುದ್ದೆಯನ್ನು ಚಪ್ಪರಿಸಿ ತಿಂದರೂ ನನಗೆ ಸಂಕಟ. ನನ್ನ ರೊಟ್ಟಿ ಇನ್ನು ಯಾರಿಗೂ ಬೇಡವಾಯಿತು ಎಂದು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದೆ.

ಬೆಂಗಳೂರಿನ ಆಸ್ಪತ್ರೆಗೆ ಪದೇ ಪದೇ ಹೋಗಬೇಕಿತ್ತು. ಅಲ್ಲಿನ ಕಾಯುವ ಹಾಲ್‌ನಲ್ಲಿ ಕೂತು ನಾನು ಯಾರ ಮೇಲೆ ಹೊಟ್ಟೆಕಿಚ್ಚು ಪಟ್ಟಿಲ್ಲ ಹೇಳಿ! ಕಿಡ್ನಿ ಕಲ್ಲು ತೆಗೆಸಿಕೊಂಡು ಕೈ ಬೀಸಿಕೊಂಡು ಹೋದವನ ಮೇಲೆ. ಚೀಲವಿಲ್ಲದೆ ನಡೆದು ಬಂದ ಎಲ್ಲರ ಮೇಲೆ. ಅಮರಾಪುರದ ಕಡೆಯ ಒಬ್ಬ ಮುದುಕಿ ಗೋಡೆಗೆ ಒರಗಿ ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದಳು, ಅವಳ ನಿದ್ದೆಯ ಮೇಲೂ. ಒಬ್ಬಳ ಗಂಡ ಅವಳ ಜಡೆ ಬಿಚ್ಚಿ ಬಾಚುತ್ತಿದ್ದ. ನಮ್ಮವರು ಮೊಬೈಲಿನಲ್ಲಿ ಕಟಿಂಗ್ ಅಳತೆ ಹೇಳುತ್ತ ಮೆಟ್ಟಿಲ ಮೇಲೆ ನಿಂತಿದ್ದರು. ಅವರನ್ನೂ ಅವನನ್ನೂ ನೋಡಿ ನೋಡಿ ನಾನು ಮುಖ ಸಿಂಡರಿಸಿಕೊಂಡು ಕೂತೆ.

ಅಲ್ಲಿ ಒಂದು ಒಳ್ಳೆಯದೂ ನಡೆಯಿತು. ಚೀಲವನ್ನು ಕೈಯಲ್ಲಿ ಹಿಡಿದು ಓಡಾಡುವುದು ಅವಮಾನ ಎನಿಸಿ ನಾನು ಜೀನ್ಸ್ ಬಟ್ಟೆಯಲ್ಲಿ ಒಂದು ಗವಸು ಹೊಲಿದುಕೊಂಡಿದ್ದೆ, ಹೆಗಲಿಗೆ ನೇತುಹಾಕುವಂಥದ್ದು. ಮಲಗುವ ಕೋಣೆಯಲ್ಲಿ ಕೂತು ಸೂಜಿಯಲ್ಲೇ ಹೊಲಿದದ್ದು. ಪಕ್ಕದಲ್ಲಿ ಕೂತವಳು ಅದನ್ನು ಮುಟ್ಟಿ ನೋಡಿ, ಎಲ್ಲಿ ಸಿಗುತ್ತದೆ ಎಂದು ತೆಲುಗಿನಲ್ಲಿ ಕೇಳಿದಳು. ನಾನೇ ಹೊಲಿದದ್ದು ಎಂದೆ. ಮುಂದಿನ ಸಲ ಹೋದಾಗ ಅವಳಿಗೂ ಒಂದು ಒಯ್ದು ಕೊಟ್ಟೆ. ಹೆಗಲಿಗೆ ಹಾಕಿಕೊಂಡು ಕಾಲೇಜು ಹುಡುಗಿಯ ಹಾಗೆ ಹಾಲ್‌ನ ಈ ತುದಿಯಿಂದ ಆ ತುದಿಗೆ ನಡೆದಳು. ತಿಂಗಳುಗಳ ಮೇಲೆ ಆವತ್ತು ನಕ್ಕೆ.

ಆಪರೇಷನ್ನಿನ ಮುಂಚೆ ಡಾಕ್ಟರು ಕೂರಿಸಿಕೊಂಡು ವಿವರಿಸಿದರು. ನಾಳದ ಹಾಳಾದ ಕೆಳತುದಿಯನ್ನು ಅಲ್ಲೇ ಬಿಟ್ಟು, ಚೆನ್ನಾಗಿರುವ ಕಡೆ ಕತ್ತರಿಸಿ, ಮೂತ್ರಕೋಶದಲ್ಲಿ ಬೇರೊಂದು ಜಾಗ ಮಾಡಿ ಅಲ್ಲಿಗೆ ಹೊಲಿಯುತ್ತಾರಂತೆ. ನಾಳ ಗಿಡ್ಡವಾಗುವುದರಿಂದ ಮೂತ್ರಕೋಶವನ್ನೇ ಸ್ವಲ್ಪ ಮೇಲಕ್ಕೆ ಎಳೆದು ಕಟ್ಟುತ್ತಾರಂತೆ. ಹೊಲಿದ ಜಾಗದಲ್ಲಿ ಎಳೆತ ಇರಬಾರದು, ಎಳೆತ ಇದ್ದರೆ ಹೊಲಿಗೆ ನಿಲ್ಲುವುದಿಲ್ಲ ಎಂದರು. ಇದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೆ ರೋಬೊ ಮಾಡುತ್ತದೆ ಎಂದಾಗ ಹೆದರಿದೆ. ಯಾವುದೋ ಕಬ್ಬಿಣದ ಗೊಂಬೆ ನನ್ನ ಹೊಟ್ಟೆಯೊಳಗೆ ತನ್ನ ಪಾಡಿಗೆ ತಾನು ಕೈಯಾಡಿಸುತ್ತದೆ ಎಂದುಕೊಂಡಿದ್ದೆ. ಅವರು ನಕ್ಕು, ರೋಬೊಗೆ ಸ್ವಂತ ಬುದ್ಧಿ ಇಲ್ಲವಮ್ಮ, ಅದೇ ಕೋಣೆಯ ಒಂದು ಮೂಲೆಯಲ್ಲಿ ನಾನು ಕೂತು ಕಣ್ಣಿಟ್ಟು ನೋಡುತ್ತಿರುತ್ತೇನೆ, ನನ್ನ ಕೈ ಆಡಿದ ಹಾಗೆ ಅದರ ಕೈ ಆಡುತ್ತದೆ, ಒಳಗಿನದೆಲ್ಲ ದೊಡ್ಡದಾಗಿ ಕಾಣುತ್ತದೆ ಎಂದರು.

"ಕಾಲಿಗೆ ಪೆಡಲ್ ಐತೇನ್ರಿ ಸಾರ್?" ಎಂದು ಕೇಳಿದೆ.

ಇದೆ ಎಂದರು. ನನಗೆ ಧೈರ್ಯ ಬಂತು. ಕೈ, ಕಣ್ಣು, ಕಾಲು ಮೂರೂ ಸೇರಿ ಮಾಡುವ ಕೆಲಸ ಎಂದರೆ ನನಗೆ ಗೊತ್ತಿರುವ ಕೆಲಸ. ಆಮೇಲೆ, ನಿಮಗೆ ನಗು ಬರಬಹುದು, ಆ ಡಾಕ್ಟರ ಮೇಲೂ ಹೊಟ್ಟೆಕಿಚ್ಚಾಯಿತು. ಅವರಿಗೆ ಅವರ ಮಿಷಿನ್ ಇದೆ, ಅವರ ಸ್ಟೂಲು ಇದೆ. ಅವರು ಜ್ವರ ಬಂದು ಮಲಗಿದರೆ ಅಲ್ಲಿ ಅವರ ನೆಗೆಣ್ಣಿ ಬಂದು ಕೂರುವುದಿಲ್ಲ.

ಆಸ್ಪತ್ರೆಯಲ್ಲಿ ಜೊತೆಗಿರಲು ಒಬ್ಬ ಹೆಂಗಸು ಬೇಕು ಎಂದರು. ಅತ್ತೆ ತಾವೇ ಬರುತ್ತೇನೆ ಎಂದು ಸೀರೆ ಮಡಿಸಿಟ್ಟರು. ನಾನು ಬೇಡವೇ ಬೇಡ, ಮಂಜುಳಾನೇ ಬರಲಿ ಎಂದು ಹಟ ಹಿಡಿದೆ. ಓಣಿಯವರೆಲ್ಲ ನೆಗೆಣ್ಣಿಯರೆಂದರೆ ಹೀಗಿರಬೇಕು ಎಂದರು. ಅತ್ತೆಯ ಕಣ್ಣು ಒದ್ದೆಯಾಯಿತು. ನನ್ನ ಲೆಕ್ಕಾಚಾರ ನನಗೆ ಗೊತ್ತಿತ್ತು. ಅವಳು ಬೆಂಗಳೂರಿನಲ್ಲಿ ನನ್ನ ಹಾಸಿಗೆಯ ಪಕ್ಕ ಕೂತರೆ ರಾಯದುರ್ಗದಲ್ಲಿ ನನ್ನ ಮಿಷಿನ್ ಮೇಲೆ ಕೂರುವ ಹಾಗಿಲ್ಲ. ನಾನಿಲ್ಲದ ಮೇಲೆ ಅದು ಸುಮ್ಮನೆ ನಿಂತಿರಲಿ. ಎಷ್ಟು ಸಣ್ಣ ಬುದ್ಧಿ ಎಂದು ನಿಮಗನ್ನಿಸಿದರೆ ಅನ್ನಿಸಲಿ. ಒಳಗೆ ನಾಳ ಹರಿದಿದ್ದಾಗ ದೊಡ್ಡ ಬುದ್ಧಿ ಎಲ್ಲಿಂದ ತರಲಿ.

ಆಪರೇಷನ್ನಿಗೆ ಕರೆದುಕೊಂಡು ಹೋದಾಗ ತಳ್ಳುಗಾಡಿಯ ಮೇಲೆ ಮಲಗಿ ಒಂದು ಕ್ಷಣ ಆ ಯಂತ್ರವನ್ನು ಕಂಡೆ. ನಾಲ್ಕು ಕೈಗಳಿಗೂ ಪ್ಲಾಸ್ಟಿಕ್ ಹೊದಿಕೆ ಹಾಕಿ ನಿಲ್ಲಿಸಿದ್ದರು. ಆಚೆ ಮೂಲೆಯಲ್ಲಿ ಡಾಕ್ಟರ ಸ್ಟೂಲು, ಕೆಳಗೆ ಪೆಡಲುಗಳು. ಅಷ್ಟರಲ್ಲಿ ಮುಖಕ್ಕೆ ಮಾಸ್ಕ್ ಇಟ್ಟರು. ಎಚ್ಚರವಾದಾಗ ಬಾಯಿ ಒಣಗಿತ್ತು, ಹೊಟ್ಟೆಯ ಮೇಲೆ ಸಣ್ಣ ಸಣ್ಣ ಪಟ್ಟಿಗಳಿದ್ದವು. ಮೂತ್ರಕ್ಕೆ ಒಂದು ನಳಿಕೆ ಇತ್ತು. ಹೊಸ ಹೊಲಿಗೆ ಗಟ್ಟಿಯಾಗಲಿ ಎಂದು ನಾಳದ ಒಳಗೆ ಇನ್ನೊಂದು ಇಟ್ಟಿದ್ದರಂತೆ, ಅದು ಕಾಣುವಂಥದ್ದಲ್ಲ. ಬೆನ್ನ ನಳಿಕೆಯನ್ನು ಎರಡು ದಿನ ಬಿಟ್ಟು ತೆಗೆದರು. ಮೊದಲ ಸಲ ಬೆನ್ನು ಊರಿ ಮಲಗಿದಾಗ ನಾನು ಅತ್ತುಬಿಟ್ಟೆ. ಬೆನ್ನು ಹಾಸಿಗೆಗೆ ತಾಗುವುದು ಒಂದು ಭಾಗ್ಯ ಎಂದು ಆವರೆಗೆ ಯಾವತ್ತೂ ಅನ್ನಿಸಿರಲಿಲ್ಲ.

ಮಂಜುಳ ಕೆಳಗೆ ಚಾಪೆಯ ಮೇಲೆ ಕೂತು ಕಿತ್ತಳೆ ಸುಲಿಯುತ್ತಿದ್ದಳು. ಮಧ್ಯಾಹ್ನದ ಹೊತ್ತು, ವಾರ್ಡು ಸುಮ್ಮನಿತ್ತು. ನಮ್ಮವರು ಆಗಷ್ಟೇ ಬಂದು, ನನ್ನ ತಲೆ ಮುಟ್ಟಿ ನೋಡಿ, ಹಣ್ಣು ಕೊಟ್ಟು ಹೊರಗೆ ಹೋಗಿದ್ದರು. ಎರಡು ದಿನದಿಂದ ಮನುಷ್ಯ ಆಸ್ಪತ್ರೆಯ ಮೆಟ್ಟಿಲ ಮೇಲೇ ಕೂತಿದ್ದರಂತೆ, ಕಟಿಂಗ್ ಫೋನು ಕೂಡ ಎತ್ತಿರಲಿಲ್ಲವಂತೆ. ಅದನ್ನು ಕೇಳಿ ನನಗೆ ಸ್ವಲ್ಪ ಹಾಯೆನಿಸಿತ್ತು. ಆ ಹಾಯಿಯಲ್ಲಿ ನಾಲಿಗೆ ಸಡಿಲವಾಯಿತು. ಊರಿಗೆ ಹೋದ ಮೇಲೆ ನೀನೇ ಬೆಲ್ಟ್ ಮಿಷಿನ್ ಇಟ್ಟುಕೋ ಮಾರಾಯ್ತಿ, ಹೇಗೂ ನಿನ್ನ ಕೈ ಅದಕ್ಕೆ ಹೊಂದಿದೆಯಲ್ಲ ಎಂದೆ. ಕೊಂಕು ಅಂದರೆ ಶುದ್ಧ ಕೊಂಕು.

ಅವಳು ಕಿತ್ತಳೆಯ ಎಸಳನ್ನು ಕೈಯಲ್ಲಿ ಹಿಡಿದುಕೊಂಡೇ ನನ್ನ ಮುಖ ನೋಡಿದಳು. ಕೈ ಹೊಂದಿದೆ ಎಂದು ಯಾರು ಹೇಳಿದರು ಎಂದು ಕೇಳಿದಳು. ನಿಮ್ಮ ಭಾವ ದಿನಾ ಹೇಳುತ್ತಿದ್ದರು, ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದರು ಎಂದೆ. ಅವಳ ಮುಖ ಕೆಂಪಾಯಿತು.

"ಭಾವ ನನ್ ಮುಂದೆ ಒಂದಿನಾನೂ ಹಂಗಂದಿಲ್ಲಕ್ಕ. ನೀವು ಕಡೇ ಸಲ ಹೊಲ್ದಿದ್ದ ಪ್ಯಾಂಟ್ನ ಸ್ಯಾಂಪಲ್ ಅಂತ ಮಿಷಿನ್ ಮ್ಯಾಲೆ ಗ್ವಾಡೆಗೆ ನೇತಾಕವ್ರೆ. ನಾನ್ ಹೊಲ್ದಿದ್ದ ಒಂದೊಂದನ್ನೂ ಅದ್ಕೆ ಇಟ್ ನೋಡಿ, ರತ್ನಾನ್ ಹಂಗ ಬಂದಿಲ್ಲ, ಬಿಚ್ಚು ಅಂಬ್ತಾರೆ."

ನಮ್ಮ ಕಸುಬಿನಲ್ಲಿ ಹಾಗೊಂದು ಪದ್ಧತಿ ಇದೆ. ಹೊಸ ಕೈ ಕೂತಾಗ ಹಳೆಯ ಕೈಯ ಒಂದು ಪೀಸನ್ನು ಕಣ್ಣ ಮುಂದೆ ತೂಗುಹಾಕುತ್ತಾರೆ. ಅದಕ್ಕೆ ಹೊಂದಿದ್ದು ಬಂಡಲಿಗೆ, ಹೊಂದದ್ದು ಬಿಚ್ಚಲಿಕ್ಕೆ. ನಾನು ಪಡಸಾಲೆಗೆ ಕಾಲಿಡದೆ ಮುನಿಸಿಕೊಂಡು ಮಲಗಿದ್ದರಿಂದ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ನನ್ನ ಗಂಡ ಒಳಗೆ ಬಂದು ನನ್ನ ಸಮಾಧಾನಕ್ಕೆ ಅವಳನ್ನು ಹೊಗಳುತ್ತಿದ್ದರು. ಹೊರಗೆ ಹೋಗಿ ಕೆಲಸ ಸರಿಯಾಗಲಿ ಎಂದು ನನ್ನನ್ನು ಹೊಗಳುತ್ತಿದ್ದರು. ಇಬ್ಬರು ಹೆಂಗಸರ ಹೊಟ್ಟೆಗೂ ಒಂದೇ ನಾಲಿಗೆಯಿಂದ ಬೆಂಕಿ ಇಟ್ಟು, ಮನುಷ್ಯ ನಿಶ್ಚಿಂತೆಯಾಗಿ ಬಟ್ಟೆ ಕತ್ತರಿಸಿಕೊಂಡಿದ್ದರು.

ಮಂಜುಳ ಅಷ್ಟಕ್ಕೆ ನಿಲ್ಲಿಸಲಿಲ್ಲ. ತಿಂಗಳುಗಳಿಂದ ಕಟ್ಟಿಕೊಂಡಿದ್ದು ಹೊರಗೆ ಬಂತು. ನೀವು ಒಳಗೆ ಮಲಗಿದ್ದರೂ ಮನೆ ತುಂಬ ನಿಮ್ಮದೇ ಹೆಸರು, ನಾನು ಕೂತು ಹೊಲಿಯುತ್ತಿದ್ದರೂ ನಾನು ಯಾರ ಲೆಕ್ಕಕ್ಕೂ ಇಲ್ಲ ಎಂದಳು. ಬಿಚ್ಚಿ ಬಿಚ್ಚಿ ಉಗುರಿನ ಬುಡ ಕಿತ್ತುಹೋಗಿದ್ದನ್ನು ತೋರಿಸಿದಳು. ನಾನು ಅದನ್ನು ಮುದ್ದೆಯ ತಟ್ಟೆ ಹಿಡಿದ ಬೆರಳುಗಳಲ್ಲಿ ದಿನಾ ನೋಡಿದ್ದೆ, ಕೆಲಸ ಕಲಿತ ಗುರುತು ಎಂದು ಅದಕ್ಕೂ ಹೊಟ್ಟೆಕಿಚ್ಚು ಪಟ್ಟಿದ್ದೆ. ಆಮೇಲೆ ಅವಳು ತಲೆ ತಗ್ಗಿಸಿಕೊಂಡು ಇನ್ನೊಂದು ಮಾತು ಹೇಳಿದಳು.

"ಭಾವ ಮೆಟ್ಲಮ್ಯಾಲೆ ಅಳ್ತಾ ಕುಂತಿದ್ರು ಮೊನ್ನೆ. ಅದ ನೋಡಿ ನಂಗೇನನ್ನಿಸ್ತು ಗೊತ್ತಾ ಅಕ್ಕ? ನಂಗೂ ಒಂದ್ಸಲ ಇಂಗೆ ಕಾಯ್ಲೆ ಬರ್ಬಾರ್ದಾ ಅನ್ನಿಸ್ತು."

ಮೊದಲು ಸಿಟ್ಟೇ ಬಂತು. ನನ್ನ ಬೆನ್ನ ತೂತು, ಚೀಲ, ಒದ್ದೆ ಹಾಸಿಗೆ, ಇದರ ಮೇಲೂ ಒಬ್ಬಳು ಕಣ್ಣು ಹಾಕುತ್ತಾಳೆಂದರೆ! ಬಾಯಿಗೆ ಬಂದದ್ದನ್ನು ಬೈಯಬೇಕೆಂದು ಎದ್ದು ಕೂರಲು ಹೋದೆ. ಹೊಟ್ಟೆಯ ಹೊಲಿಗೆ ಚುಳ್ಳೆಂದಿತು, ಅವಳು ಓಡಿ ಬಂದು ಹಿಡಿದಳು. ಅವಳ ತೋಳಿಗೆ ಒರಗಿಕೊಂಡು ಬೈಯುವುದು ಹೇಗೆ? ಮಲಗಿದೆ. ಮಲಗಿಕೊಂಡೇ, ಬಿಚ್ಚು ಎಂದಾಗ ನೀನು ಬಿಚ್ಚುತ್ತಿದ್ದೆಯಾ ಎಂದು ಕೇಳಿದೆ. ಮತ್ತೇನು ಮಾಡಲಿ ಎಂದಳು. ನಾನಾಗಿದ್ದರೆ ಅವರ ತಲೆಗೇ ಎಸೆಯುತ್ತಿದ್ದೆ ಎಂದೆ. ಅವಳು ನಕ್ಕಳು. ನಾನು ನಗಲಿಲ್ಲ, ನಕ್ಕರೆ ಹೊಲಿಗೆ ನೋಯುತ್ತಿತ್ತು. ಕಿತ್ತಳೆ ಎಸಳು ಬಾಯಿಗಿಟ್ಟಳು, ತಿಂದೆ.

ಇದರಿಂದ ನಮ್ಮಿಬ್ಬರ ನಡುವೆ ಹಾಲು ಜೇನಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಊರಿಗೆ ಬಂದ ಮೇಲೆ ಅವಳು ಮತ್ತೆ ಮಿಷಿನ್‌ಗೆ ಕೂತಳು, ನಾನು ಮತ್ತೆ ಒಳಗೆ ಮಲಗಿದೆ, ಸದ್ದು ಕೇಳಿದಾಗ ಮತ್ತೆ ಚುಚ್ಚಿತು. ಒಂದೇ ವ್ಯತ್ಯಾಸ, ಈಗ ಅವಳು ಊಟ ತಂದಾಗ, ಇವತ್ತು ಎಷ್ಟು ಬಿಚ್ಚಿಸಿದರು ಎಂದು ಕೇಳುತ್ತಿದ್ದೆ, ಅವಳು ಹೇಳುತ್ತಿದ್ದಳು. ದಿನ ಹೋದ ಹಾಗೆ ಅದು ಕಡಿಮೆಯಾಗುತ್ತ ಬಂತು. ಕೊನೆಗೊಂದು ದಿನ, ಒಂದೂ ಇಲ್ಲ ಎಂದಳು. ಚೆನ್ನಾಯಿತು ಎಂದೆ. ಆವತ್ತು ಸರಿಯಾಗಿ ನಿದ್ದೆ ಬರಲಿಲ್ಲ.

ಮತ್ತೆ ಬೆಂಗಳೂರಿಗೆ ಹೋಗಿ ಮೂತ್ರದ ನಳಿಕೆ ತೆಗೆಸಿದ ದಿನ ನಾನು ಆಸ್ಪತ್ರೆಯ ಬಚ್ಚಲಲ್ಲಿ ಹೋಗಿ ಬಂದು, ಒಣಬಟ್ಟೆ ಇಟ್ಟುಕೊಂಡು ಕೂತೆ. ಸ್ವಲ್ಪ ಹೊತ್ತಿಗೊಮ್ಮೆ ಬಟ್ಟೆ ಮುಟ್ಟಿ ನೋಡಿಕೊಂಡೆ. ಒಣಗಿಯೇ ಇತ್ತು. ಸಂಜೆಯವರೆಗೂ ಒಣಗಿಯೇ ಇತ್ತು. ಇನ್ನೂ ಕೆಲವು ವಾರ ಬಿಟ್ಟು ನಾಳದೊಳಗಿನ ನಳಿಕೆಯನ್ನೂ ತೆಗೆದರು. ಅದಾದ ಮೇಲೆ ಸ್ಕ್ಯಾನ್ ಮಾಡಿ, ಕಿಡ್ನಿಯ ಊತ ಇಳಿದಿದೆ, ದಾರಿ ಚೆನ್ನಾಗಿ ತೆರೆದಿದೆ ಎಂದರು. ಇನ್ನು ಮಿಷಿನ್ ಮೇಲೆ ಕೂರಬಹುದಾ ಎಂದು ಕೇಳಿದೆ. ಮೊದಲಿಗೆ ಸ್ವಲ್ಪ ಸ್ವಲ್ಪ ಹೊತ್ತು ಕೂತುಕೋ, ಮೂತ್ರ ಕಟ್ಟಿಕೊಳ್ಳಬೇಡ, ನೀರು ಕುಡಿ ಎಂದರು ಡಾಕ್ಟರು. ಅವರ ಕೈಗಳನ್ನು ನೋಡಿದೆ. ಉದ್ದ ಬೆರಳು, ಸಣ್ಣ ಉಗುರು. ನನ್ನೊಳಗೆ ಅಷ್ಟು ಚೆನ್ನಾಗಿ ಹೊಲಿದ ಕೈ ಎಂದು ಮನಸ್ಸಿನಲ್ಲೇ ನಮಸ್ಕಾರ ಮಾಡಿದೆ.

ಊರಿಗೆ ಬಂದ ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ಕುಂಕುಮ ಇಟ್ಟುಕೊಂಡು, ಮುಂಬಾಗಿಲಿನಿಂದಲೇ ಪಡಸಾಲೆಗೆ ಬಂದೆ. ಮಂಜುಳ ನನ್ನನ್ನು ಕಂಡವಳೇ ಹೊಲಿಯುತ್ತಿದ್ದ ಬೆಲ್ಟನ್ನು ಅರ್ಧಕ್ಕೆ ನಿಲ್ಲಿಸಿ ಎದ್ದಳು. ಹೋಗಿ ಮೊದಲಿನ ಜಾಗದಲ್ಲಿ, ನೆಲದ ಮೇಲೆ, ಗುಂಡಿಯ ಡಬ್ಬಿ ಹಿಡಿದು ಕೂತಳು. ಅತ್ತೆ ಚಾ ತಂದು ನನ್ನ ಪಕ್ಕ ಇಟ್ಟರು. ನಾನು ಕೂತೆ. ನನ್ನ ಸ್ಟೂಲು, ನನ್ನ ಮಿಷಿನ್. ಅರ್ಧ ವರ್ಷ ನಾನು ಕಂಡ ಕನಸು ಇದೇ.

ಬಟ್ಟೆ ಇಟ್ಟು ಪೆಡಲ್ ಒತ್ತಿದೆ. ಮಿಷಿನ್ ನನ್ನ ಕೈಗಿಂತ ಮುಂದೆ ಓಡಿತು. ಹಿಡಿದೆ, ಅದು ನಿಂತಿತು. ಬೆಲ್ಟು ತಿರುಗುವ ಕಡೆ ಬೆರಳು ಮೊದಲಿನ ಹಾಗೆ ತಾನಾಗಿ ಹೋಗಲಿಲ್ಲ, ನಾನು ಹೇಳಿ ಕಳಿಸಬೇಕಾಯಿತು. ಹೊಟ್ಟೆಯ ಕೆಳಗೆ ಎಳೆದ ಹಾಗಾಗಿ ಬಗ್ಗಲು ಭಯವಾಯಿತು. ಅಂತೂ ಮುಗಿಸಿ, ಯಾರೂ ಕೇಳುವ ಮೊದಲೇ ಗಂಡನ ಕಡೆ ಚಾಚಿದೆ. ಅವರು ಕಟಿಂಗ್ ಟೇಬಲ್ಲಿನಿಂದ ಬಂದು, ಅದನ್ನು ತೆಗೆದುಕೊಂಡು, ರೂಢಿಯ ಹಾಗೆ ಗೋಡೆಯ ಸ್ಯಾಂಪಲ್ಲಿನ ಪಕ್ಕ ಹಿಡಿದು, ಸುಕ್ಕನ್ನು ಹೆಬ್ಬೆರಳಿನಿಂದ ತಿಕ್ಕಿ ನೋಡಿದರು. ಸ್ಟೂಲಿನ ಮೇಲೆ ಯಾರು ಕೂತಿದ್ದಾರೆ ಎನ್ನುವುದು ಅವರ ತಲೆಯಲ್ಲಿರಲಿಲ್ಲ.

"ರತ್ನಾನ್ ಹಂಗ ಬಂದಿಲ್ಲ. ಬಿಚ್ಚು" ಎಂದರು.

ನೆಲದ ಮೇಲಿದ್ದ ಮಂಜುಳ ಬಾಯಿಗೆ ಸೆರಗು ಒತ್ತಿಕೊಂಡಳು, ಆದರೂ ನಗು ಕಿಸಕ್ಕನೆ ಹೊರಬಂತು. ಅತ್ತೆ ನಕ್ಕರು, ತಪ್ಪು ತಿಳಿದ ಗಂಡನೂ ಹಲ್ಲು ಕಿರಿದರು. ನನಗೆ ನಗು ಬರಲಿಲ್ಲ. ಗೋಡೆಯ ಮೇಲಿನ ಆ ಪ್ಯಾಂಟನ್ನು ನೋಡಿದೆ. ಅದನ್ನು ಹೊಲಿದವಳ ಹೊಟ್ಟೆಯ ಮೇಲೆ ಗಾಯವಿರಲಿಲ್ಲ. ಬೆಳಿಗ್ಗೆ ಕೂತರೆ ಊಟದ ಹೊತ್ತಿಗೇ ಏಳುತ್ತಿದ್ದಳು, ನೀರು ಕುಡಿದೆನಾ ಎಂದು ನೆನಪು ಮಾಡಿಕೊಳ್ಳುತ್ತಿರಲಿಲ್ಲ. ಆಕೆಯ ಬೆಲ್ಟು ಒಂದೆಳೆ ಅತ್ತಿತ್ತ ಆಗಿರಲಿಲ್ಲ. ಮಂಜುಳಾಳ ಮೇಲೆ, ಕಲ್ಲು ತೆಗೆಸಿಕೊಂಡವನ ಮೇಲೆ, ಆ ಡಾಕ್ಟರ ಮೇಲೆ ಪಟ್ಟ ಹೊಟ್ಟೆಕಿಚ್ಚೆಲ್ಲ ಒಂದು ತೂಕವಾದರೆ ಆ ಹಳೆಯ ರತ್ನಳ ಮೇಲಿನದೇ ಒಂದು ತೂಕ. ಅವಳ ಎದುರು ಮಂಜುಳ ಇಷ್ಟು ದಿನ ಹೇಗೆ ಕೂತಿದ್ದಳೋ ಎನಿಸಿತು. ನಾನು ಒಂದು ಪೀ‌ಸಿಗೇ ಸೋತಿದ್ದೆ.

ಎದ್ದು ಹೋಗಿ ಪ್ಯಾಂಟನ್ನು ಮೊಳೆಯಿಂದ ಕಿತ್ತು ಬಳ್ಳಾರಿಗೆ ಹೋಗುವ ಬಂಡಲಿನೊಳಗೆ ತುರುಕಿದೆ. ಇನ್ನು ಯಾವುದಕ್ಕೆ ಇಟ್ಟು ನೋಡಲಿ ಎಂದು ಗಂಡ ಕೇಳಿದರು. ಉತ್ತರ ನನ್ನ ಬಾಯಲ್ಲಿ ಸಿದ್ಧವಾಗಿತ್ತು, ಆಚೆ ತರಲು ಮಾತ್ರ ಎಷ್ಟು ಕಷ್ಟವಾಯಿತು ಎಂದರೆ ಬೆನ್ನ ನಳಿಕೆ ಎಳೆದಾಗಲೂ ಅಷ್ಟಾಗಿರಲಿಲ್ಲ.

"ಮಂಜುಳಾಂದು ನೇತ್ಹಾಕ್ರಿ. ನಾನು ಅದನ್ನ ನೋಡಿ ಹೊಲೀತೀನಿ" ಎಂದೆ.

ಮಂಜುಳ ನಗುವುದನ್ನು ನಿಲ್ಲಿಸಿದಳು. ಎದ್ದು, ತನ್ನ ರಾಶಿಯಿಂದ ಒಂದನ್ನು ತೆಗೆದಳು, ಅದನ್ನು ಬಿಟ್ಟು ಇನ್ನೊಂದನ್ನು ತೆಗೆದಳು. ಮೊಳೆಗೆ ಹಾಕಿ ಪಕ್ಕಕ್ಕೆ ಸರಿದು ನಿಂತಳು. ನಾನು ಕುತ್ತಿಗೆ ಚಾಚಿ ಆ ಬೆಲ್ಟಿನ ಈ ತುದಿಯಿಂದ ಆ ತುದಿಯವರೆಗೆ, ಒಂದಾದರೂ ಸುಕ್ಕು ಸಿಗಲಿ ಎಂದು ಹುಡುಕಿದೆ.

ಚೆನ್ನಾಗಿಯೇ ಇತ್ತು, ಹಾಳಾದ್ದು.